ಇಂಟರ್‌ನೆಟ್ ನಿಂತರೂ ಪ್ರಯೋಗಾಲಯದ ಕಂಪ್ಯೂಟರ್‌ಗಳು ಪರಸ್ಪರ ಸಂಪರ್ಕದಲ್ಲಿರುವುದು ಹೇಗೆ?

ಆಲೂರಿನ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಬೋಧಿಸುತ್ತೇನೆ. ಈ ವರ್ಷ ಕಂಪ್ಯೂಟರ್ ಪ್ರಯೋಗಾಲಯದ ಹೊಣೆಯನ್ನೂ ನನಗೆ ವಹಿಸಿದ್ದಾರೆ. ಕೊಠಡಿಯಲ್ಲಿ ಹತ್ತು ಕಂಪ್ಯೂಟರ್‌ಗಳೂ ಒಂದು ಪ್ರಿಂಟರೂ ಇವೆ. ಎಲ್ಲದರ ಕೇಬಲ್‌ಗಳು ಗೋಡೆಗೆ ಬಿಗಿದಿರುವ ಒಂದು ಸ್ವಿಚ್‌ಗೆ (ಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ಪೆಟ್ಟಿಗೆಗೆ) ಬಂದು ಸೇರುತ್ತವೆ; ಆ ಸ್ವಿಚ್‌ನಿಂದ ಒಂದೇ ಒಂದು ಕೇಬಲ್ ಮುಖ್ಯ ಶಿಕ್ಷಕರ ಕೊಠಡಿಯಲ್ಲಿರುವ ಫೈಬರ್ ಪೆಟ್ಟಿಗೆಗೆ ಹೋಗುತ್ತದೆ.

ಮಳೆ ಹಿಡಿಯಿತೆಂದರೆ ನಮ್ಮ ಕಡೆ ಎಲ್ಲಾದರೊಂದು ಕಡೆ ಮರದ ಕೊಂಬೆ ಬಿದ್ದು ಫೈಬರ್ ತುಂಡಾಗುತ್ತದೆ, ಪೆಟ್ಟಿಗೆಯ ಮೇಲಿನ, ಸಂಕೇತ ಬರುತ್ತಿಲ್ಲವೆಂದು ತೋರಿಸುವ ಲಾಸ್ ದೀಪ ಕೆಂಪಗೆ ಮಿನುಗತೊಡಗುತ್ತದೆ, ಇಂಟರ್‌ನೆಟ್ ನಿಲ್ಲುತ್ತದೆ. ಆದರೆ ಅಂಥ ದಿನಗಳಲ್ಲೂ ಮಕ್ಕಳು ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಫೈಲ್ ಕಳಿಸುತ್ತಾರೆ, ಪ್ರಿಂಟ್ ತೆಗೆಯುತ್ತಾರೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಇದನ್ನು ಗಮನಿಸಿ, "ನೆಟ್ ಇಲ್ಲದ ಮೇಲೆ ಈ ಕಂಪ್ಯೂಟರ್‌ಗೆ ಪ್ರಿಂಟರ್ ಎಲ್ಲಿದೆ ಎಂದು ಯಾರು ಹೇಳುತ್ತಾರೆ, ಮಿಸ್?" ಎಂದು ಕೇಳಿದಳು. ಪಠ್ಯದಲ್ಲಿ ಲ್ಯಾನ್ (ಒಂದೇ ಜಾಗದೊಳಗಿನ ಜಾಲ), ವ್ಯಾನ್ (ದೂರದೂರದ ಜಾಗಗಳನ್ನು ಬೆಸೆಯುವ ಜಾಲ) ಎಂಬ ವ್ಯಾಖ್ಯೆಗಳಿವೆಯೇ ಹೊರತು ಈ ಪ್ರಶ್ನೆಗೆ ಉತ್ತರವಿಲ್ಲ.

ಅದರ ಜೊತೆಗೆ ಇನ್ನೆರಡು ಸಂಗತಿಗಳು ತಿಳಿಯಬೇಕಿದೆ. ಪ್ರಯೋಗಾಲಯದ ಒಂದು ಕಂಪ್ಯೂಟರ್‌ನ ವಿಳಾಸ 192.168.1.5 ಎಂದಿದೆ, ನನ್ನ ಮನೆಯ ಕಂಪ್ಯೂಟರ್‌ನಲ್ಲೂ ಅದೇ ವಿಳಾಸವಿದೆ. ಒಂದೇ ವಿಳಾಸ ಎರಡು ಕಡೆ ಇದ್ದರೆ ಗೊಂದಲವಾಗುವುದಿಲ್ಲವೇ? ಮತ್ತೊಂದು, ಹಾಸನದಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಇರುವುದರಿಂದಲೋ ಏನೋ, ಇಂಟರ್‌ನೆಟ್ ಉಪಗ್ರಹದಿಂದ ಬರುತ್ತದೆ ಎಂದೇ ನಮ್ಮ ಮಕ್ಕಳೆಲ್ಲ ನಂಬಿದ್ದಾರೆ. ಇದು ಎಷ್ಟರಮಟ್ಟಿಗೆ ನಿಜ? ಮಕ್ಕಳಿಗೆ ಅರ್ಥವಾಗುವಂತೆ, ಆದರೆ ವಿಷಯವನ್ನು ತೆಳುಮಾಡದೆ ಯಾರಾದರೂ ವಿವರಿಸಿದರೆ ಉಪಕಾರವಾಗುತ್ತದೆ.

ಹೇಮಾವತಿ ದಂಡೆ

ಮೇಡಂ, ನಾನು ಹಾಸನದಲ್ಲಿ ಕಚೇರಿಗಳಿಗೆ ನೆಟ್‌ವರ್ಕ್ ಅಳವಡಿಸುವ ಕೆಲಸ ಮಾಡುತ್ತೇನೆ. ನಿಮ್ಮ ವಿದ್ಯಾರ್ಥಿನಿ ಕೇಳಿರುವುದು ಈ ಇಡೀ ವಿಷಯದ ಬಾಗಿಲನ್ನೇ ತೆರೆಯುವ ಪ್ರಶ್ನೆ. ಆದ್ದರಿಂದ ಮೊದಲು ಅದಕ್ಕೊಂದಕ್ಕೇ ಉತ್ತರಿಸುತ್ತೇನೆ.

ನಿಮ್ಮ ಕೊಠಡಿಯ ಕಂಪ್ಯೂಟರ್‌ಗಳು ಇಂಟರ್‌ನೆಟ್‌ನ ಒಂದು ತುಣುಕಲ್ಲ. ಅವು ತಾವೇ ಒಂದು ಪೂರ್ಣ ಜಾಲ. ಇಂಥ ಲಕ್ಷಾಂತರ ಜಾಲಗಳನ್ನು ಒಂದಕ್ಕೊಂದು ಬೆಸೆದದ್ದೇ ಇಂಟರ್‌ನೆಟ್. ಫೈಬರ್ ತುಂಡಾದಾಗ ಕಡಿದುಹೋಗುವುದು ಆ ಬೆಸುಗೆ ಮಾತ್ರ. ಒಳಗಿನ ಜಾಲಕ್ಕೆ ಬೇಕಾದದ್ದು ಸ್ವಿಚ್, ಕೇಬಲ್ ಮತ್ತು ಪ್ರತಿ ಯಂತ್ರದೊಳಗಿನ ನೆಟ್‌ವರ್ಕ್ ಕಾರ್ಡ್; ಆ ಮೂರೂ ಅಲ್ಲೇ ಇವೆ.

ಪ್ರತಿಯೊಂದು ನೆಟ್‌ವರ್ಕ್ ಕಾರ್ಡ್‌ಗೂ ಕಾರ್ಖಾನೆಯಲ್ಲಿಯೇ 48 ಬಿಟ್‌ಗಳ ಒಂದು ಸಂಖ್ಯೆಯನ್ನು ಕೊಟ್ಟಿರುತ್ತಾರೆ. ಇದನ್ನು ಮ್ಯಾಕ್ ವಿಳಾಸ ಎನ್ನುತ್ತೇವೆ. ಅದರ ಮೊದಲ ಅರ್ಧ ತಯಾರಕರನ್ನು ಗುರುತಿಸುತ್ತದೆ, ಉಳಿದರ್ಧ ಆ ತಯಾರಕರು ಆ ಕಾರ್ಡ್‌ಗೆ ಕೊಟ್ಟ ಕ್ರಮಸಂಖ್ಯೆ. ಕಂಪ್ಯೂಟರೊಂದು ಕೇಬಲ್‌ಗೆ ಏನನ್ನೇ ಬಿಡುವುದಿದ್ದರೂ ಅದನ್ನು ಫ್ರೇಮ್ ಎಂಬ ಕಟ್ಟಾಗಿ ಕಟ್ಟಿ ಬಿಡುತ್ತದೆ. ಫ್ರೇಮ್‌ನ ಆರಂಭದಲ್ಲಿ ತಲುಪಬೇಕಾದ ಕಾರ್ಡ್‌ನ ಮ್ಯಾಕ್ ವಿಳಾಸ, ಅದರ ಬೆನ್ನಿಗೆ ಕಳಿಸುವ ಕಾರ್ಡ್‌ನ ಮ್ಯಾಕ್ ವಿಳಾಸ, ನಂತರ ಒಳಗಿರುವುದು ಯಾವ ಬಗೆಯದೆಂಬ ಸೂಚನೆ, ಆಮೇಲೆ ಗರಿಷ್ಠ 1500 ಬೈಟ್‌ಗಳಷ್ಟು ಮಾಹಿತಿ, ಕೊನೆಯಲ್ಲಿ 4 ಬೈಟ್‌ಗಳ ತಾಳೆಸಂಖ್ಯೆ ಇರುತ್ತವೆ. ಈ ತಾಳೆಸಂಖ್ಯೆಯನ್ನು ಗಣಿತದವರಾದ ನೀವು ಮೆಚ್ಚುತ್ತೀರಿ: ಫ್ರೇಮ್‌ನ ಬಿಟ್‌ಗಳನ್ನೆಲ್ಲ ಒಂದು ದೊಡ್ಡ ಬಹುಪದೋಕ್ತಿಯೆಂದು ತಿಳಿದು, ಗೊತ್ತುಪಡಿಸಿದ ಇನ್ನೊಂದು ಬಹುಪದೋಕ್ತಿಯಿಂದ ಭಾಗಿಸಿದಾಗ ಉಳಿಯುವ ಶೇಷದಿಂದಲೇ ಅದು ಬರುತ್ತದೆ. ಸ್ವೀಕರಿಸುವ ಕಾರ್ಡ್ ಅದೇ ಲೆಕ್ಕವನ್ನು ಮತ್ತೆ ಮಾಡುತ್ತದೆ. ತಾಳೆಯಾಗದಿದ್ದರೆ ಫ್ರೇಮನ್ನು ಅಲ್ಲಿಯೇ ಎಸೆದುಬಿಡುತ್ತದೆ. ಕಳಿಸಿದವರಿಗೆ ಅದರ ಸುದ್ದಿಯನ್ನೂ ಮುಟ್ಟಿಸುವುದಿಲ್ಲ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸ್ವಿಚ್‌ಗೆ ಯಾವ ಯಂತ್ರ ಯಾವ ರಂಧ್ರದಲ್ಲಿ, ಅಂದರೆ ಪೋರ್ಟ್‌ನಲ್ಲಿ ಇದೆ ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ, ಅದು ತಾನಾಗಿಯೇ ಕಲಿಯುತ್ತದೆ. ಮೂರನೆಯ ಪೋರ್ಟ್‌ನಿಂದ ಒಂದು ಫ್ರೇಮ್ ಬಂದೊಡನೆ ಅದರಲ್ಲಿರುವ ಕಳಿಸಿದವರ ಮ್ಯಾಕ್ ವಿಳಾಸವನ್ನು ಓದಿ, "ಈ ವಿಳಾಸ ಮೂರನೆಯ ಪೋರ್ಟ್‌ನಲ್ಲಿದೆ" ಎಂದು ತನ್ನ ಕೋಷ್ಟಕದಲ್ಲಿ ಬರೆದುಕೊಳ್ಳುತ್ತದೆ. ತಲುಪಬೇಕಾದ ವಿಳಾಸ ಕೋಷ್ಟಕದಲ್ಲಿದ್ದರೆ ಆ ಒಂದು ಪೋರ್ಟ್‌ಗೆ ಮಾತ್ರ ಕಳಿಸುತ್ತದೆ. ಇಲ್ಲದಿದ್ದರೆ ಬಂದ ಪೋರ್ಟ್ ಒಂದನ್ನು ಬಿಟ್ಟು ಉಳಿದೆಲ್ಲ ಪೋರ್ಟ್‌ಗಳಿಗೂ ಕಳಿಸುತ್ತದೆ. ಕೆಲವು ನಿಮಿಷ ಸದ್ದಿಲ್ಲದ ವಿಳಾಸವನ್ನು ಕೋಷ್ಟಕದಿಂದ ಅಳಿಸುತ್ತದೆ. ಹೀಗಾಗಿ ನೀವು ಕೇಬಲ್‌ಗಳನ್ನು ಅದಲುಬದಲು ಮಾಡಿದರೂ ಸ್ವಲ್ಪ ಹೊತ್ತಿಗೆ ಎಲ್ಲವೂ ಸರಿಹೋಗುತ್ತದೆ.

ಇನ್ನು ಉಳಿದದ್ದು ಹುಡುಗಿಯ ಪ್ರಶ್ನೆಯ ತಿರುಳು. ಕಂಪ್ಯೂಟರ್‌ಗೆ ಗೊತ್ತಿರುವುದು ಪ್ರಿಂಟರ್‌ನ ಐಪಿ ವಿಳಾಸ, ಅಂದರೆ ಜಾಲದಲ್ಲಿ ಪ್ರತಿ ಯಂತ್ರಕ್ಕೂ ಕೊಡುವ ನಾಲ್ಕು ಸಂಖ್ಯೆಗಳ ವಿಳಾಸ, ಉದಾಹರಣೆಗೆ 192.168.1.20. ಆದರೆ ಫ್ರೇಮ್‌ನ ಮೇಲೆ ಬರೆಯಬೇಕಾದದ್ದು ಮ್ಯಾಕ್ ವಿಳಾಸ. ಆಗ ಕಂಪ್ಯೂಟರ್ ಇಡೀ ಕೊಠಡಿಗೆ ಕೇಳಿಸುವಂತೆ ಒಂದು ಪ್ರಶ್ನೆಯನ್ನು ಬಿಡುತ್ತದೆ: "192.168.1.20 ಯಾರದು? ಅವರ ಮ್ಯಾಕ್ ವಿಳಾಸ ನನಗೆ ಬೇಕು." ಎಲ್ಲ ಯಂತ್ರಗಳಿಗೂ ಅದು ತಲುಪುತ್ತದೆ, ಪ್ರಿಂಟರ್ ಮಾತ್ರ ಉತ್ತರಿಸುತ್ತದೆ. ಇದಕ್ಕೆ ಎಆರ್‌ಪಿ ಎಂದು ಹೆಸರು. ಮಧ್ಯದಲ್ಲಿ ಇನ್ಯಾವ ಯಂತ್ರದ ಅಪ್ಪಣೆಯೂ ಬೇಕಿಲ್ಲ, ಹೊರಗಿನ ಇಂಟರ್‌ನೆಟ್ಟಂತೂ ಬೇಕೇ ಇಲ್ಲ. "ಯಾರು ಹೇಳುತ್ತಾರೆ" ಎಂದು ಅವಳು ಕೇಳಿದ್ದಕ್ಕೆ ಉತ್ತರ, ಪ್ರಿಂಟರೇ ಹೇಳುತ್ತದೆ.

ಗಿರಿತಪ್ಪಲು

ಮೇಲಿನವರು ಕೊಠಡಿಯೊಳಗಿನದನ್ನು ಚೆನ್ನಾಗಿ ವಿವರಿಸಿದ್ದಾರೆ. ನಾನು ಚಿಕ್ಕಮಗಳೂರು ಸುತ್ತಮುತ್ತಲಿನ ಕಾಫಿ ತೋಟಗಳ ಕಚೇರಿಗಳಿಗೆ ಈ ಕೆಲಸ ಮಾಡಿಕೊಡುವವನು. ಕೊಠಡಿಯಿಂದ ಹೊರಗೆ ಕಾಲಿಟ್ಟ ಮೇಲೆ ಏನಾಗುತ್ತದೆ ಎಂಬುದನ್ನು ಬರೆಯುತ್ತೇನೆ.

ನಿಮ್ಮ ಕಂಪ್ಯೂಟರ್ ಏನನ್ನೇ ಕಳಿಸುವ ಮೊದಲು ಒಂದು ತೀರ್ಮಾನ ಮಾಡುತ್ತದೆ: ತಲುಪಬೇಕಾದ ಐಪಿ ವಿಳಾಸ ನನ್ನ ಜಾಲದೊಳಗಿನದೋ, ಹೊರಗಿನದೋ? ಇದಕ್ಕೆ ಸಬ್‌ನೆಟ್ ಮಾಸ್ಕ್ ಎಂಬ ಅಳತೆಯಿದೆ. ಅದು 255.255.255.0 ಎಂದಿದ್ದರೆ ವಿಳಾಸದ ಮೊದಲ ಮೂರು ಸಂಖ್ಯೆಗಳು ಒಂದೇ ಆಗಿರುವ ಯಂತ್ರಗಳೆಲ್ಲ ಒಂದೇ ಜಾಲದವು. ಒಳಗಿನದಾದರೆ ಎಆರ್‌ಪಿ ಮೂಲಕ ನೇರವಾಗಿ ಹುಡುಕಿ ಕೊಡುತ್ತದೆ. ಹೊರಗಿನದಾದರೆ ಹುಡುಕುವ ಗೋಜಿಗೇ ಹೋಗದೆ ಗೇಟ್‌ವೇ ಎಂದು ನಮೂದಾಗಿರುವ ಯಂತ್ರದ ಕೈಗೆ, ಅಂದರೆ ನಿಮ್ಮ ಫೈಬರ್ ಪೆಟ್ಟಿಗೆಯೊಳಗಿನ, ಒಂದು ಜಾಲದಿಂದ ಇನ್ನೊಂದಕ್ಕೆ ದಾಟಿಸುವ ರೂಟರ್‌ಗೆ ಒಪ್ಪಿಸುತ್ತದೆ.

ಇಲ್ಲಿ ಎರಡು ವಿಳಾಸಗಳ ಪಾತ್ರ ಬೇರೆಬೇರೆ ಎಂಬುದನ್ನು ಮಕ್ಕಳು ಹಿಡಿದುಕೊಂಡರೆ ಮುಂದಿನದೆಲ್ಲ ಸುಲಭ. ಚಿಕ್ಕಮಗಳೂರಿನಿಂದ ಬಸ್ಸು ಬದಲಿಸುತ್ತ ಮಂಗಳೂರಿಗೆ ಹೊರಟವರು ಒಂದು ಬಸ್ಸಿನಲ್ಲಿ ಮೂಡಿಗೆರೆಗೆ, ಅಲ್ಲಿಂದ ಇನ್ನೊಂದರಲ್ಲಿ ಕೊಟ್ಟಿಗೆಹಾರಕ್ಕೆ, ಮತ್ತೊಂದರಲ್ಲಿ ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಹೋಗುತ್ತಾರೆ. ಬಸ್ಸಿನ ಬೋರ್ಡು ಪ್ರತಿ ನಿಲ್ದಾಣದಲ್ಲೂ ಬದಲಾಗುತ್ತದೆ, ಪ್ರಯಾಣಿಕರು ತಲುಪಬೇಕಾದ ಊರು ಮಾತ್ರ ಮಂಗಳೂರೇ. ಫ್ರೇಮ್ ಎಂದರೆ ಆ ಬಸ್ಸು, ಅದರ ಮೇಲಿನ ಮ್ಯಾಕ್ ವಿಳಾಸ ಮುಂದಿನ ನಿಲ್ದಾಣದ್ದು. ಅದರೊಳಗೆ ಕುಳಿತಿರುವ ಐಪಿ ಪ್ಯಾಕೆಟ್‌ನ (ಮಾಹಿತಿಯ ತುಂಡಿನ) ಮೇಲೆ ಕೊನೆಯ ಊರಿನ ವಿಳಾಸವಿರುತ್ತದೆ. ಪ್ರತಿ ರೂಟರೂ ಹಳೆಯ ಫ್ರೇಮನ್ನು ಬಿಚ್ಚಿ, ಪ್ಯಾಕೆಟ್‌ನ ವಿಳಾಸವನ್ನು ಓದಿ, ತನ್ನ ಕೋಷ್ಟಕವನ್ನು ನೋಡಿ ಮುಂದಿನ ರೂಟರ್ ಯಾವುದೆಂದು ನಿರ್ಧರಿಸಿ, ಹೊಸ ಫ್ರೇಮ್ ಕಟ್ಟಿ ಕಳಿಸುತ್ತದೆ. ಯಾವ ರೂಟರಿಗೂ ಪೂರ್ತಿ ದಾರಿ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ.

ದಾರಿ ತಪ್ಪಿದ ಪ್ಯಾಕೆಟ್ ಎರಡು ರೂಟರ್‌ಗಳ ನಡುವೆ ಕೊನೆಯಿಲ್ಲದೆ ಸುತ್ತಬಾರದೆಂದು ಅದರ ಮೇಲೆ ಟಿಟಿಎಲ್ ಎಂಬ ಸಂಖ್ಯೆಯನ್ನು ಬರೆದಿರುತ್ತಾರೆ. ವಿಂಡೋಸ್ ಯಂತ್ರಗಳು ಸಾಮಾನ್ಯವಾಗಿ 128, ಲಿನಕ್ಸ್ ಯಂತ್ರಗಳು 64 ಎಂದು ಆರಂಭಿಸುತ್ತವೆ. ಪ್ರತಿ ರೂಟರೂ ಅದರಿಂದ ಒಂದನ್ನು ಕಳೆಯುತ್ತದೆ. ಸೊನ್ನೆಯಾದಲ್ಲಿ ಪ್ಯಾಕೆಟ್ ಅಲ್ಲಿಗೇ ಮುಗಿಯಿತು.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಫ್ರೇಮ್ ಕೆಟ್ಟರೆ ಕಾರ್ಡ್ ಸುಮ್ಮನೆ ಎಸೆಯುತ್ತದೆ ಎಂದು ಮೇಲೆ ಓದಿದಿರಿ. ರೂಟರ್‌ಗಳದ್ದೂ ಅದೇ ನಡವಳಿಕೆ: ಒಮ್ಮೆಗೇ ಹೆಚ್ಚು ಪ್ಯಾಕೆಟ್‌ಗಳು ಬಂದು ಸರತಿಯಲ್ಲಿ ಜಾಗವಿಲ್ಲದಿದ್ದರೆ ಹೆಚ್ಚಿನದನ್ನು ಕೈಬಿಡುತ್ತವೆ. ಒಂದೇ ಫೈಲ್‌ನ ಪ್ಯಾಕೆಟ್‌ಗಳು ಬೇರೆಬೇರೆ ದಾರಿ ಹಿಡಿದು ಹಿಂದುಮುಂದಾಗಿ ತಲುಪಬಹುದು. ಮಧ್ಯದಲ್ಲಿರುವ ಯಾರೂ ಯಾವ ಭರವಸೆಯನ್ನೂ ಕೊಡುವುದಿಲ್ಲ. ಹಾಗಿದ್ದೂ ನೀವು ಕಳಿಸಿದ ಫೋಟೋದಲ್ಲಿ ಒಂದು ಚುಕ್ಕಿಯೂ ಕಡಿಮೆಯಾಗುವುದಿಲ್ಲ. ಕಾರಣವೇನೆಂದರೆ, ಭರವಸೆಯ ಕೆಲಸವನ್ನು ಎರಡು ತುದಿಗಳ ಕಂಪ್ಯೂಟರ್‌ಗಳು ತಾವೇ ವಹಿಸಿಕೊಂಡಿವೆ. ಟಿಸಿಪಿ ಎಂಬ ನಿಯಮಾವಳಿ ಮಾಡುವುದು ಇದನ್ನೇ.

10 ಲಕ್ಷ ಬೈಟ್‌ಗಳ ಒಂದು ಫೋಟೋವನ್ನು ತೆಗೆದುಕೊಳ್ಳಿ. ಪ್ರತಿ ಪ್ಯಾಕೆಟ್‌ನ 1500 ಬೈಟ್‌ಗಳಲ್ಲಿ ಐಪಿಯ ತಲೆಬರಹಕ್ಕೆ 20, ಟಿಸಿಪಿಯ ತಲೆಬರಹಕ್ಕೆ 20 ಹೋದರೆ 1460 ಉಳಿಯುತ್ತದೆ. ಅಂದರೆ ಫೋಟೋ ಸುಮಾರು 685 ತುಂಡುಗಳಾಗುತ್ತದೆ. ಕಳಿಸುವ ಮೊದಲು ಎರಡೂ ತುದಿಗಳು ಮೂರು ಸಣ್ಣ ಸಂದೇಶಗಳಲ್ಲಿ ಪರಿಚಯ ಮಾಡಿಕೊಳ್ಳುತ್ತವೆ: "ಆರಂಭಿಸಲೇ?", "ಆಗಲಿ, ನಾನೂ ಆರಂಭಿಸಲೇ?", "ಆಗಲಿ." ನಂತರ ಪ್ರತಿ ತುಂಡಿನ ಮೇಲೂ ಅದು ಎಷ್ಟನೆಯ ಬೈಟ್‌ನಿಂದ ಆರಂಭವಾಗುತ್ತದೆ ಎಂದು ಬರೆದಿರುತ್ತದೆ. ಸ್ವೀಕರಿಸುವವರು "ಇಷ್ಟನೆಯ ಬೈಟ್‌ವರೆಗೆ ತಲುಪಿದೆ, ಮುಂದಿನದು ಬೇಕು" ಎಂದು ಮರುಸಂದೇಶ ಕಳಿಸುತ್ತಲೇ ಇರುತ್ತಾರೆ. ನಿಗದಿತ ಸಮಯದಲ್ಲಿ ಆ ಸಂದೇಶ ಬಾರದಿದ್ದರೆ, ಅಥವಾ ಒಂದೇ ಬೈಟ್ ಬೇಕೆಂದು ಮತ್ತೆ ಮತ್ತೆ ಬಂದರೆ, ಕಳಿಸಿದವರು ಕಳೆದುಹೋದ ತುಂಡನ್ನು ಇನ್ನೊಮ್ಮೆ ಕಳಿಸುತ್ತಾರೆ. ನಷ್ಟ ಹೆಚ್ಚಾದರೆ ದಾರಿಯಲ್ಲಿ ದಟ್ಟಣೆಯಿದೆಯೆಂದು ಊಹಿಸಿ ತಾವೇ ವೇಗ ತಗ್ಗಿಸುತ್ತಾರೆ.

ದೂರವಾಣಿ ಜಾಲದ ಕಾಲದಲ್ಲಿ ಇದು ಯಾರಿಗೂ ಸುಲಭವಾಗಿ ಒಪ್ಪಿಗೆಯಾಗುವ ವಿಚಾರವಾಗಿರಲಿಲ್ಲ. ಅಲ್ಲಿ ಇಬ್ಬರು ಮಾತನಾಡುವಷ್ಟು ಹೊತ್ತೂ ಒಂದು ದಾರಿಯನ್ನು ಅವರಿಬ್ಬರಿಗಾಗಿಯೇ ಮೀಸಲಿಡಲಾಗುತ್ತಿತ್ತು. ಸಂದೇಶವನ್ನು ತುಂಡುಗಳಾಗಿಸಿ ಕಳಿಸುವ ಕ್ರಮವನ್ನು 1960ರ ದಶಕದಲ್ಲಿ ಅಮೆರಿಕದ ಪಾಲ್ ಬ್ಯಾರನ್ ಮತ್ತು ಬ್ರಿಟನ್ನಿನ ಡೊನಾಲ್ಡ್ ಡೇವಿಸ್ ಪ್ರತ್ಯೇಕವಾಗಿ ರೂಪಿಸಿದರು; ಪ್ಯಾಕೆಟ್ ಎಂಬ ಹೆಸರು ಡೇವಿಸ್ ಅವರದು. ಇಂಟರ್‌ನೆಟ್‌ಗೆ ಮೂಲವಾದ ಅಮೆರಿಕದ ಜಾಲ ಅರ್ಪಾನೆಟ್‌ನ ಮೊದಲ ಸಂದೇಶ 1969ರ ಅಕ್ಟೋಬರ್ 29ರಂದು ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ಹೋಯಿತು. 'ಲಾಗಿನ್' ಎಂದು ಕಳಿಸಲು ಹೊರಟಾಗ ಮೊದಲ ಎರಡು ಅಕ್ಷರಗಳು ತಲುಪುವಷ್ಟರಲ್ಲಿ ಆ ಕಡೆಯ ವ್ಯವಸ್ಥೆ ಕುಸಿಯಿತು. ಬೇರೆಬೇರೆ ಬಗೆಯ ಜಾಲಗಳನ್ನು ಬೆಸೆಯುವ ವಿನ್ಯಾಸವನ್ನು ವಿಂಟ್ ಸರ್ಫ್ ಮತ್ತು ಬಾಬ್ ಕಾನ್ 1974ರಲ್ಲಿ ಪ್ರಕಟಿಸಿದರು. 1983ರ ಜನವರಿ 1ರಂದು ಅರ್ಪಾನೆಟ್ ಇಡಿಯಾಗಿ ಟಿಸಿಪಿ ಮತ್ತು ಐಪಿಗೆ ಬದಲಾಯಿತು. ಇಂದು ನಿಮ್ಮ ಶಾಲೆಯ ಪ್ರಿಂಟರ್ ಅನುಸರಿಸುತ್ತಿರುವುದೂ ಅದೇ ನಿಯಮಾವಳಿಯನ್ನು.

ಯಗಚಿ

ವಿವರಣೆಗಳು ಸೊಗಸಾಗಿವೆ. ಆದರೆ ಒಂದು ಮಾತು ಹೇಳಬೇಕೆನಿಸುತ್ತದೆ. ನಾನು ಬೇಲೂರಿನ ಕಡೆಯವನು, ಪದವಿ ವಿದ್ಯಾರ್ಥಿಗಳಿಗೆ ಈ ವಿಷಯವನ್ನು ಕಲಿಸುತ್ತೇನೆ. ಜಾಲದ ಕೆಲಸವನ್ನು ಹಂತಗಳಾಗಿ ವಿಂಗಡಿಸುವ ಓಎಸ್‌ಐ ಮಾದರಿಯ ಏಳು ಪದರಗಳನ್ನು ಮೊದಲು ಹೇಳಿಕೊಟ್ಟು, ಆನಂತರ ಪ್ರತಿ ನಿಯಮಾವಳಿಯನ್ನು ಅದರದರ ಪದರದಲ್ಲಿ ಕೂರಿಸುವುದೇ ಕ್ರಮಬದ್ಧ. ಹಾಗೆ ಮಾಡದಿದ್ದರೆ ಎಆರ್‌ಪಿ, ಐಪಿ, ಟಿಸಿಪಿ ಎಂಬ ಹೆಸರುಗಳು ಮಕ್ಕಳ ತಲೆಯಲ್ಲಿ ಚದುರಿಕೊಂಡೇ ಉಳಿಯುತ್ತವೆ. ಪರೀಕ್ಷೆಯಲ್ಲಿ ಕೇಳುವುದೂ ಅದನ್ನೇ.

ಹೇಮಾವತಿ ದಂಡೆ

ಸರ್, ಪದವಿ ತರಗತಿಗೆ ನಿಮ್ಮ ಕ್ರಮ ಸರಿಯೆಂದು ಒಪ್ಪುತ್ತೇನೆ. ಹದಿನಾಲ್ಕು ವರ್ಷದ ಮಕ್ಕಳಿಗೆ ಒಪ್ಪಲಾರೆ. ಏಳು ಪದರಗಳ ಆ ಮಾದರಿಯನ್ನು ಅಂತರರಾಷ್ಟ್ರೀಯ ಮಾನಕ ಸಂಸ್ಥೆ 1984ರಲ್ಲಿ ಪ್ರಕಟಿಸಿತು. ಅಷ್ಟರಲ್ಲಿ ಟಿಸಿಪಿ ಮತ್ತು ಐಪಿ ಬಳಕೆಗೆ ಬಂದಾಗಿತ್ತು, ಅವುಗಳನ್ನು ಆ ಏಳರ ಲೆಕ್ಕಕ್ಕೆ ಹೊಂದಿಸಿ ಕಟ್ಟಿದ್ದೂ ಅಲ್ಲ. ಎಆರ್‌ಪಿಯನ್ನು ಎರಡನೆಯ ಪದರದಲ್ಲಿ ಕೂರಿಸಬೇಕೋ ಮೂರನೆಯದರಲ್ಲೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಪ್ರಿಂಟರ್ ಉತ್ತರಿಸುವುದನ್ನು ಕಣ್ಣಾರೆ ಕಂಡ ಮಗುವಿಗೆ ಪದರಗಳು ಏಕೆ ಬೇಕೆಂಬುದು ತಾನಾಗಿಯೇ ಹೊಳೆಯುತ್ತದೆ: ತಾಮ್ರದ ಜಾಗದಲ್ಲಿ ಫೈಬರ್ ಬಂದರೂ ಟಿಸಿಪಿಯನ್ನು ಬದಲಿಸಬೇಕಿಲ್ಲ, ವೈಫೈ ಬಂದರೂ ಬ್ರೌಸರನ್ನು ಮತ್ತೆ ಬರೆಯಬೇಕಿಲ್ಲ. ಒಂದರ ಕೆಲಸದಲ್ಲಿ ಇನ್ನೊಂದು ಕೈಹಾಕದಿರುವುದೇ ಪದರಗಳ ಪ್ರಯೋಜನ. ಅದು ಗೊತ್ತಾದ ಮೇಲೆ ಏಳರ ಪಟ್ಟಿಯನ್ನು ಕಲಿಯಲು ಒಂದು ಅವಧಿ ಸಾಕು.

ಮೇಡಂ, ನಿಮ್ಮ 192.168.1.5ರ ಪ್ರಶ್ನೆ ಉಳಿದಿದೆ. ನಾಲ್ಕು ಸಂಖ್ಯೆಗಳ ಈ ಐಪಿ ವಿಳಾಸ ಒಟ್ಟು 32 ಬಿಟ್‌ಗಳದ್ದು. ಎರಡರ 32ನೆಯ ಘಾತವೆಂದರೆ 429 ಕೋಟಿ ಚಿಲ್ಲರೆ. ಜಗತ್ತಿನ ಯಂತ್ರಗಳಿಗೆ ಇದು ಸಾಲುವುದಿಲ್ಲವೆಂದು ಬಹಳ ಹಿಂದೆಯೇ ಗೊತ್ತಾಯಿತು. ಆದ್ದರಿಂದ 10, 172.16ರಿಂದ 172.31 ಮತ್ತು 192.168 ಎಂದು ಆರಂಭವಾಗುವ ವಿಳಾಸಗಳನ್ನು ಖಾಸಗಿ ಬಳಕೆಗೆ ಬಿಟ್ಟರು. ಯಾರು ಬೇಕಾದರೂ ತಮ್ಮ ಜಾಲದೊಳಗೆ ಅವನ್ನು ಬಳಸಬಹುದು, ಆದರೆ ಸಾರ್ವಜನಿಕ ಇಂಟರ್‌ನೆಟ್‌ನಲ್ಲಿ ಆ ವಿಳಾಸಗಳಿಗೆ ದಾರಿಯೇ ಇರುವುದಿಲ್ಲ. ನಿಮ್ಮ ಮನೆಯ 192.168.1.5 ಮತ್ತು ಶಾಲೆಯ 192.168.1.5 ಎಂದೂ ಒಂದೇ ಜಾಲದಲ್ಲಿ ಎದುರಾಗುವುದಿಲ್ಲವಾದ್ದರಿಂದ ಗೊಂದಲಕ್ಕೆ ಆಸ್ಪದವಿಲ್ಲ.

ಹಾಗಾದರೆ ಹೊರಗಿನವರ ಉತ್ತರ ಸರಿಯಾದ ಕಂಪ್ಯೂಟರ್‌ಗೆ ಬರುವುದು ಹೇಗೆ? ಪ್ಯಾಕೆಟ್ ಹೊರಗೆ ಹೋಗುವಾಗ ನಿಮ್ಮ ರೂಟರ್ ಅದರ ಮೇಲಿನ ಖಾಸಗಿ ವಿಳಾಸವನ್ನು ಅಳಿಸಿ ತನ್ನ ಹೊರಗಿನ ವಿಳಾಸವನ್ನು ಬರೆಯುತ್ತದೆ, ಜೊತೆಗೆ ಒಂದು ಪೋರ್ಟ್ ಸಂಖ್ಯೆಯನ್ನು ಗೊತ್ತುಮಾಡಿ "ಈ ಪೋರ್ಟ್‌ಗೆ ಬರುವ ಉತ್ತರ 192.168.1.5ಕ್ಕೆ ಸೇರಿದ್ದು" ಎಂದು ಕೋಷ್ಟಕದಲ್ಲಿ ಗುರುತು ಹಾಕಿಕೊಳ್ಳುತ್ತದೆ. ಈ ಪೋರ್ಟ್ ಸ್ವಿಚ್‌ನ ರಂಧ್ರವಲ್ಲ, ಒಂದೇ ಯಂತ್ರದೊಳಗಿನ ಬೇರೆಬೇರೆ ಸಂಭಾಷಣೆಗಳನ್ನು ಬೇರ್ಪಡಿಸುವ 16 ಬಿಟ್‌ಗಳ ಸಂಖ್ಯೆ. ಭದ್ರ ಜಾಲತಾಣಗಳು 443ನೆಯ ಪೋರ್ಟ್‌ನಲ್ಲಿ ಕಾಯುತ್ತಿರುತ್ತವೆ. ಉತ್ತರ ಬಂದಾಗ ರೂಟರ್ ಕೋಷ್ಟಕ ನೋಡಿ ವಿಳಾಸವನ್ನು ಮತ್ತೆ ಬದಲಿಸಿ ಒಳಗೆ ಬಿಡುತ್ತದೆ. ಇದು ನ್ಯಾಟ್. 128 ಬಿಟ್‌ಗಳ ಹೊಸ ವಿಳಾಸಕ್ರಮವಾದ ಐಪಿವಿ6 ಈ ಕೊರತೆಯನ್ನೇ ಹೋಗಲಾಡಿಸುತ್ತದೆ. ನಿಮ್ಮ ಮೊಬೈಲ್‌ನಲ್ಲಿ ಈಗಾಗಲೇ ಅದು ಇರುವ ಸಾಧ್ಯತೆ ಹೆಚ್ಚು.

ಹೆಸರಿನಿಂದ ವಿಳಾಸ ಹುಡುಕುವ ಡಿಎನ್‌ಎಸ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಜಾಲತಾಣದ ಹೆಸರನ್ನು ಅದು ಕೊನೆಯಿಂದ ಓದುತ್ತದೆ. 'ಡಾಟ್ ಇನ್' ಎಂದು ಕೊನೆಯಾಗುವ ಹೆಸರಾದರೆ, ಆ ವರ್ಗವನ್ನು ನೋಡಿಕೊಳ್ಳುವ ಸರ್ವರ್ ಯಾವುದೆಂದು ಮೂಲ ಸರ್ವರನ್ನು ಕೇಳಿ, ಅಲ್ಲಿಂದ ಒಂದೊಂದೇ ಮೆಟ್ಟಿಲು ಇಳಿದು ಕೊನೆಯ ಐಪಿ ವಿಳಾಸವನ್ನು ಪಡೆಯುತ್ತದೆ. ಒಮ್ಮೆ ಸಿಕ್ಕ ಉತ್ತರವನ್ನು ಸ್ವಲ್ಪ ಕಾಲ ನೆನಪಿಟ್ಟುಕೊಳ್ಳುವುದರಿಂದ ಪ್ರತಿ ಸಲವೂ ಇಷ್ಟು ಅಲೆದಾಟವಿಲ್ಲ.

ನಿವೃತ್ತ ದೂರವಾಣಿ ನೌಕರ

ಉಪಗ್ರಹದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ನಾನು ಬರೆಯುತ್ತೇನೆ, ತಾಯಿ. ಹಾಸನದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಇದೆ. ಅದು ಇಸ್ರೋದ ಭೂಸ್ಥಿರ (ಭೂಮಿಯಿಂದ ನೋಡಿದರೆ ಒಂದೇ ಜಾಗದಲ್ಲಿ ನಿಂತಂತೆ ಕಾಣುವ) ಉಪಗ್ರಹಗಳ ಕಕ್ಷೆಯನ್ನು ಸರಿಪಡಿಸುವುದು, ಅವುಗಳ ಆರೋಗ್ಯವನ್ನು ಗಮನಿಸುವುದು ಮುಂತಾದ ಕೆಲಸ ಮಾಡುತ್ತದೆ. ನಮ್ಮ ಜಿಲ್ಲೆಯವರು ಹೆಮ್ಮೆಪಡಬೇಕಾದ ಸಂಸ್ಥೆ ಅದು. ಆದರೆ ನಿಮ್ಮ ಶಾಲೆಯ ಇಂಟರ್‌ನೆಟ್ ಅಲ್ಲಿಂದ ಬರುವುದಿಲ್ಲ. ಅದು ನೆಲದ ಮೇಲಿನ ಫೈಬರ್‌ನಲ್ಲಿ ಹಾಸನಕ್ಕೆ, ಅಲ್ಲಿಂದ ಬೆಂಗಳೂರಿನಂಥ ದೊಡ್ಡ ನಗರಕ್ಕೆ ಹೋಗುತ್ತದೆ. ಪರದೇಶದ ಸರ್ವರ್ ಆದರೆ ಮುಂಬೈ, ಚೆನ್ನೈ, ಕೊಚ್ಚಿಯಂಥ ಕರಾವಳಿ ನಗರಗಳಿಂದ ಸಮುದ್ರದ ತಳದ ಕೇಬಲ್‌ಗಳಲ್ಲಿ ಸಾಗುತ್ತದೆ. ಖಂಡಗಳ ನಡುವಿನ ದತ್ತಾಂಶದ ಬಹುಪಾಲು ಹರಿಯುವುದು ಸಮುದ್ರದಡಿಯ ಗಾಜಿನ ಎಳೆಗಳಲ್ಲಿಯೇ.

ಇದನ್ನು ಮಕ್ಕಳು ತಾವೇ ಲೆಕ್ಕ ಹಾಕಿ ಕಂಡುಕೊಳ್ಳಬಹುದು. ಭೂಸ್ಥಿರ ಉಪಗ್ರಹ ಸಮಭಾಜಕ ವೃತ್ತದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಪ್ರಶ್ನೆ ಮೇಲೆ ಹೋಗಿ ಕೆಳಗಿಳಿಯಬೇಕು, ಉತ್ತರವೂ ಮೇಲೆ ಹೋಗಿ ಕೆಳಗಿಳಿಯಬೇಕು. ಕಡಿಮೆಯೆಂದರೂ ಒಟ್ಟು 1,43,000 ಕಿಲೋಮೀಟರ್. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಎಂದರೆ ಹೆಚ್ಚುಕಡಿಮೆ ಅರ್ಧ ಸೆಕೆಂಡು, ಅಂದರೆ 480 ಮಿಲಿಸೆಕೆಂಡು ಬೇಕು. ಗಾಜಿನೊಳಗೆ ಬೆಳಕು ನಿಧಾನ, ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಹಾಗಿದ್ದರೂ ಹಾಸನದಿಂದ ಬೆಂಗಳೂರಿಗೆ 180 ಕಿಲೋಮೀಟರ್ ಎಂದಿಟ್ಟುಕೊಂಡರೆ ಹೋಗಿಬರಲು ಎರಡು ಮಿಲಿಸೆಕೆಂಡೂ ಬೇಡ. ರೂಟರ್‌ಗಳ ಸಮಯ, ಬಳಸುದಾರಿ ಎಲ್ಲ ಸೇರಿ ಅದು ಹತ್ತಿಪ್ಪತ್ತಾಗಬಹುದು. ಪಿಂಗ್ ಎಂಬ ಆದೇಶ ಹೋಗಿಬರುವ ಸಮಯವನ್ನು ತೋರಿಸುತ್ತದೆ. ಉತ್ತರ 480ಕ್ಕಿಂತ ಬಹಳ ಕಡಿಮೆಯಿದ್ದರೆ ಅದು ಭೂಸ್ಥಿರ ಉಪಗ್ರಹದ ದಾರಿಯಲ್ಲಿ ಬಂದಿರಲು ಸಾಧ್ಯವೇ ಇಲ್ಲ. ಭೌತಶಾಸ್ತ್ರವೇ ಸಾಕ್ಷಿ. ಕೆಲವೇ ನೂರು ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಸೇವೆ ಬೇರೆ, ಅವುಗಳ ವಿಳಂಬ ಇಷ್ಟಿರುವುದಿಲ್ಲ.

ಆಲೂರಿನ ಶಿಕ್ಷಕಿ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಈ ವಾರ ತರಗತಿಯಲ್ಲಿ ಮಕ್ಕಳೇ ಪಿಂಗ್ ಮಾಡಿದರು. ಪ್ರಿಂಟರ್‌ನಿಂದ ಉತ್ತರ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ ಬಂತು, ಹೊರಗಿನ ಜಾಲತಾಣವೊಂದರಿಂದ 22 ಮಿಲಿಸೆಕೆಂಡಿನಲ್ಲಿ ಬಂತು. ಕರಿಹಲಗೆಯ ಮೇಲೆ ಉಪಗ್ರಹದ ಲೆಕ್ಕ ಮಾಡಿದ ಮೇಲೆ ಯಾರಿಗೂ ಸಂಶಯ ಉಳಿಯಲಿಲ್ಲ. ಎಆರ್‌ಪಿ ಕೋಷ್ಟಕವನ್ನು ತೆರೆದು ಪ್ರಿಂಟರ್‌ನ ಮ್ಯಾಕ್ ವಿಳಾಸವನ್ನು ಅದರ ಬೆನ್ನಿಗೆ ಅಂಟಿಸಿರುವ ಚೀಟಿಯೊಂದಿಗೆ ಹೋಲಿಸಿದಾಗ ಮಕ್ಕಳ ಮುಖ ನೋಡಬೇಕಿತ್ತು.

ಆದರೆ ಒಂದು ಹೊಸ ಸಮಸ್ಯೆ ಕಂಡಿದೆ. ನಿನ್ನೆ ಗುಡುಗು ಜೋರಾಗಿದ್ದರಿಂದ ಫೈಬರ್ ಪೆಟ್ಟಿಗೆಯ ಪ್ಲಗ್ಗನ್ನೇ ಕಿತ್ತಿಟ್ಟಿದ್ದರು. ಬೆಳಿಗ್ಗೆ ಅದನ್ನು ಹಾಕದೆ ಕಂಪ್ಯೂಟರ್‌ಗಳನ್ನು ಆರಂಭಿಸಿದೆವು. ಸ್ವಿಚ್‌ನ ದೀಪಗಳೆಲ್ಲ ಉರಿಯುತ್ತಿದ್ದರೂ ಈ ಸಲ ಪ್ರಿಂಟ್ ಬರಲಿಲ್ಲ. ಕಂಪ್ಯೂಟರ್‌ಗಳ ನಡುವೆ ಮಾತ್ರ ಪಿಂಗ್ ಹೋಗುತ್ತಿತ್ತು. ಅವುಗಳ ವಿಳಾಸಗಳು 169.254 ಎಂದು ಆರಂಭವಾಗಿದ್ದವು. ಒಳಗಿನ ಜಾಲಕ್ಕೆ ಆ ಪೆಟ್ಟಿಗೆ ಬೇಡವೆಂದಾದ ಮೇಲೆ ಹೀಗೇಕೆ?

ಗಿರಿತಪ್ಪಲು

ಮೇಡಂ, ನೀವು ಗಮನಿಸಿದ ಆ 169.254ರಲ್ಲೇ ಉತ್ತರವಿದೆ. ಸಂಪರ್ಕಕ್ಕೆ ಆ ಪೆಟ್ಟಿಗೆ ಬೇಕಿಲ್ಲ ನಿಜ, ಆದರೆ ಕಂಪ್ಯೂಟರ್‌ಗಳಿಗೆ ಐಪಿ ವಿಳಾಸ ಹಂಚುವ ಕೆಲಸವನ್ನೂ ಅದೇ ಮಾಡುತ್ತದೆ. ಇದಕ್ಕೆ ಡಿಎಚ್‌ಸಿಪಿ ಎನ್ನುತ್ತಾರೆ. ಕಂಪ್ಯೂಟರ್ ಎಚ್ಚರಗೊಂಡಾಗ "ನನಗೊಂದು ವಿಳಾಸ ಕೊಡುವವರು ಯಾರಾದರೂ ಇದ್ದೀರಾ?" ಎಂದು ಕೇಳುತ್ತದೆ. ಫೈಬರ್ ತುಂಡಾದ ದಿನಗಳಲ್ಲಿ ಪೆಟ್ಟಿಗೆಗೆ ವಿದ್ಯುತ್ ಇರುವುದರಿಂದ ಅದು ಉತ್ತರಿಸುತ್ತದೆ. ಪ್ಲಗ್ ಕಿತ್ತ ದಿನ ಉತ್ತರಿಸುವವರೇ ಇರಲಿಲ್ಲ. ಆಗ ವಿಂಡೋಸ್ ಯಂತ್ರಗಳು 169.254ರ ಸಾಲಿನಲ್ಲಿ ತಮಗೆ ತಾವೇ ಒಂದು ವಿಳಾಸವನ್ನು ಆರಿಸಿಕೊಳ್ಳುತ್ತವೆ, ಬೇರೆ ಯಾರೂ ಅದನ್ನು ಬಳಸುತ್ತಿಲ್ಲವೆಂದು ಎಆರ್‌ಪಿಯಿಂದಲೇ ಖಚಿತಪಡಿಸಿಕೊಳ್ಳುತ್ತವೆ. ಎಲ್ಲ ಕಂಪ್ಯೂಟರ್‌ಗಳೂ ಹಾಗೆ ಮಾಡಿದ್ದರಿಂದ ಅವುಗಳ ನಡುವೆ ಪಿಂಗ್ ಹೋಯಿತು. ನಿಮ್ಮ ಪ್ರಿಂಟರ್‌ಗೆ ಮಾತ್ರ ಬಹುಶಃ ಯಾರೋ ಕೈಯಾರೆ 192.168.1.20 ಎಂದು ಬರೆದಿಟ್ಟಿರಬೇಕು; ಅದು ಆ ವಿಳಾಸದಲ್ಲೇ ಉಳಿಯಿತು. ಕಂಪ್ಯೂಟರ್‌ನ ಲೆಕ್ಕದಲ್ಲಿ ಪ್ರಿಂಟರ್ ಈಗ ಹೊರಗಿನ ಜಾಲದ್ದು, ಹೊರಗೆ ಒಯ್ಯಬೇಕಾದ ಗೇಟ್‌ವೇ ಇಲ್ಲ. ಒಂದೇ ಸ್ವಿಚ್‌ಗೆ ಪಕ್ಕಪಕ್ಕದಲ್ಲೇ ಸಿಕ್ಕಿಸಿದ್ದರೂ ಅವು ಪರಸ್ಪರ ಕಾಣದಂತಾದವು.

ಪರಿಹಾರ ಸರಳ. ಪೆಟ್ಟಿಗೆಯ ಸೆಟ್ಟಿಂಗ್‌ನಲ್ಲಿ ಡಿಎಚ್‌ಸಿಪಿ ಹಂಚುವ ವ್ಯಾಪ್ತಿಯನ್ನು 192.168.1.50ರಿಂದ 192.168.1.200ಕ್ಕೆ ಮಿತಿಗೊಳಿಸಿ. ಹತ್ತು ಕಂಪ್ಯೂಟರ್‌ಗಳಿಗೂ 192.168.1.21ರಿಂದ 192.168.1.30ರವರೆಗೆ ಒಂದೊಂದು ಶಾಶ್ವತ ವಿಳಾಸವನ್ನು ಕೈಯಾರೆ ಕೊಟ್ಟು, ಮಾಸ್ಕ್ 255.255.255.0 ಎಂದೂ, ಗೇಟ್‌ವೇ ಮತ್ತು ಡಿಎನ್‌ಎಸ್ ಎರಡಕ್ಕೂ ಪೆಟ್ಟಿಗೆಯ ವಿಳಾಸವನ್ನೂ ನಮೂದಿಸಿ. ಎರಡು ವ್ಯಾಪ್ತಿಗಳು ಒಂದರ ಮೇಲೊಂದು ಬಾರದಂತೆ ನೋಡಿಕೊಳ್ಳಿ, ಇಲ್ಲವಾದರೆ ಒಂದೇ ವಿಳಾಸ ಒಂದೇ ಜಾಲದಲ್ಲಿ ಇಬ್ಬರ ಪಾಲಾಗುತ್ತದೆ, ಅದು ನಿಜವಾದ ಗೊಂದಲ. ಆಮೇಲೆ ಪೆಟ್ಟಿಗೆ ಇದ್ದರೂ ಇಲ್ಲದಿದ್ದರೂ ಪ್ರಿಂಟ್ ಬರುತ್ತದೆ.

ಗುಡುಗಿನ ದಿನ ಪ್ಲಗ್ ಕೀಳುವುದು ಒಳ್ಳೆಯ ಅಭ್ಯಾಸವೇ. ಮಲೆನಾಡಿನ ಸಿಡಿಲಿಗೆ ತೋಟಗಳಲ್ಲಿ ಸ್ವಿಚ್‌ಗಳು ಸುಡುವುದನ್ನು ಪ್ರತಿ ಮಳೆಗಾಲದ ಮುನ್ನ ನೋಡುತ್ತೇನೆ. ಫೈಬರ್‌ನ ಗಾಜು ವಿದ್ಯುತ್ತನ್ನು ಒಯ್ಯುವುದಿಲ್ಲ, ಆದರೆ ಅದನ್ನು ಹೊರುವ ಉಕ್ಕಿನ ತಂತಿ ಒಯ್ಯಬಲ್ಲದು. ಕಟ್ಟಡದ ಗೋಡೆಯ ಹೊರಗೇ ಅದನ್ನು ಕೊನೆಗಾಣಿಸಿದ್ದಾರೆಯೇ ನೋಡಿ. ಸ್ವಿಚ್‌ನ ಪ್ಲಗ್ಗನ್ನೂ ಕೀಳಿಸಿ. ಶಾಲೆಯ ಇನ್ನೊಂದು ಕಟ್ಟಡಕ್ಕೆ ಮುಂದೆ ಸಂಪರ್ಕ ಕೊಡುವುದಿದ್ದರೆ ತಾಮ್ರದ ಕೇಬಲನ್ನು ಹೊರಗೆ ಎಳೆಯಬೇಡಿ: ಅದು 100 ಮೀಟರ್‌ಗಿಂತ ಹೆಚ್ಚು ದೂರಕ್ಕೆ ಹೋಗಕೂಡದು, ಅದಕ್ಕಿಂತ ಮುಖ್ಯವಾಗಿ ಒಂದು ಕಟ್ಟಡದ ಸಿಡಿಲನ್ನು ಇನ್ನೊಂದಕ್ಕೆ ತಲುಪಿಸುತ್ತದೆ. ಲೋಹವಿಲ್ಲದ ಫೈಬರ್ ಹಾಕಿಸಿ, ಎರಡೂ ತುದಿಗೆ ಬೆಳಕಿನ ಸಂಕೇತವನ್ನೂ ತಾಮ್ರದ ಕೇಬಲ್‌ನ ಸಂಕೇತವನ್ನೂ ಒಂದರಿಂದ ಇನ್ನೊಂದಕ್ಕೆ ಬದಲಿಸುವ ಒಂದೊಂದು ಮೀಡಿಯಾ ಕನ್ವರ್ಟರ್ ಇಡಿಸಿ.